ಅಂಡಾಶಯದ ಗುಳ್ಳೆ: ಶಸ್ತ್ರಕ್ಕೆ ಮುನ್ನ

ಕಿಬ್ಬೊಟ್ಟೆಯಲ್ಲಿ ನೋವೆಂದೋ ಮುಟ್ಟು ಏರುಪೇರಾಯಿತೆಂದೋ ಬಸವನಗುಡಿಯ ಯಾವುದಾದರೊಂದು ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿಕೊಂಡ ಹೆಣ್ಣುಮಗಳು, ‘ಎಡ ಅಂಡಾಶಯದಲ್ಲಿ ಸಿಸ್ಟ್’ ಎಂಬ ಪಂಕ್ತಿಯನ್ನು ವರದಿಯಲ್ಲಿ ಓದಿದೊಡನೆ ಕ್ಯಾನ್ಸರನ್ನೇ ಊಹಿಸಿ ತಲ್ಲಣಗೊಳ್ಳುವುದುಂಟು. ‘ಎಲ್ಲ ಹೆಂಗಸರಿಗೂ ಇರುವುದೇ’ ಎಂಬ ನೆರೆಮನೆಯವರ ಸಮಾಧಾನವನ್ನು ನಂಬಿ ಆ ವರದಿಯನ್ನು ಬೀರುವಿನಲ್ಲಿರಿಸಿ ಮರೆಯುವವರೂ ಉಂಟು. ಈ ಎರಡು ಅತಿಗಳಿಗೂ ಎಡೆಗೊಡದೆ ಮೊದಲು ಸ್ತ್ರೀರೋಗತಜ್ಞರನ್ನು ಕಾಣುವುದೇ ಶ್ರೇಯಸ್ಕರ.

ಪ್ರತಿ ತಿಂಗಳೂ ಅಂಡಾಶಯದಲ್ಲಿ ಪುಟ್ಟ ಕೋಶಕವೊಂದು ನೀರು ತುಂಬಿ, ಸುಮಾರು 2 ಸೆಂಟಿಮೀಟರಿನಷ್ಟು ಬೆಳೆದು, ಒಡೆದು, ಅಂಡಾಣುವನ್ನು ಹೊರಬಿಡುತ್ತದೆ. ಹಾಗೆ ಒಡೆಯದ ಕೋಶಕವು ಹಿಗ್ಗಿ ಗುಳ್ಳೆಯಾದಾಗ, ಅದು ಬಹುಮಟ್ಟಿಗೆ ಎರಡು ಮೂರು ಋತುಚಕ್ರಗಳೊಳಗೆ ತಾನಾಗಿಯೇ ಇಂಗಿಹೋಗುವುದರಿಂದ, ಕಾದುನೋಡಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸುವುದೇ ಅದರ ಸಮುಚಿತ ಚಿಕಿತ್ಸಾಕ್ರಮ. ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲನ್ನೂ ಒಳಗೊಂಡ ಡರ್ಮಾಯ್ಡ್ ಗಡ್ಡೆಯಾಗಲಿ, ಹಳೆಯ ರಕ್ತವು ಮಡುಗಟ್ಟಿದ ಚಾಕೊಲೇಟ್ ಸಿಸ್ಟ್ ಆಗಲಿ ಹೀಗೆ ಕರಗುವಂಥವಲ್ಲ. ಆದರೂ ಪ್ರಾಯಶಃ ಅವು ಕ್ಯಾನ್ಸರಲ್ಲ.

ಶಂಕೆಗೆ ಆಸ್ಪದವೆಲ್ಲಿ? ಗುಳ್ಳೆಯೊಳಗೆ ಹಲವು ಕೋಣೆಗಳು, ಘನಭಾಗ, ಎರಡೂ ಅಂಡಾಶಯಗಳಲ್ಲಿ ಬೆಳವಣಿಗೆ, ಹೊಟ್ಟೆಯಲ್ಲಿ ನೀರು ಇವು ಕಂಡುಬಂದಾಗ. ರಕ್ತದ ಸಿಎ-125 ಪರೀಕ್ಷೆಯಲ್ಲಿ 35 ಯೂನಿಟ್ಟುಗಳನ್ನು ಸಾಮಾನ್ಯವಾಗಿ ಮೇಲ್ಮಿತಿಯೆಂದು ಗಣಿಸುವರಾದರೂ, ಮುಟ್ಟು, ಗರ್ಭಧಾರಣೆ, ಹೊಟ್ಟೆಯ ಕ್ಷಯಗಳಲ್ಲಿಯೂ ಅದು ಏರುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಆದುದರಿಂದ 1990ರಲ್ಲಿ ಪ್ರಕಟವಾದ ಒಂದು ಗಣನಾಕ್ರಮದಲ್ಲಿ ಮೂರು ಸಂಗತಿಗಳನ್ನು ಗುಣಿಸುವರು: ಮುಟ್ಟು ನಿಂತಿದ್ದರೆ 3, ಇಲ್ಲವಾದರೆ 1; ಸ್ಕ್ಯಾನಿನಲ್ಲಿ ಶಂಕಾಲಕ್ಷಣವೊಂದಿದ್ದರೆ 1, ಹೆಚ್ಚಿದ್ದರೆ 3; ಜೊತೆಗೆ ಸಿಎ-125ರ ಅಂಕಿ. ಮುಟ್ಟಾಗುತ್ತಿರುವ, ಒಂದೇ ಲಕ್ಷಣವುಳ್ಳ ಸ್ತ್ರೀಯಲ್ಲಿ 40 ಯೂನಿಟ್ಟು ಬಂದರೆ ಗುಣಲಬ್ಧವು 40. ಮುಟ್ಟು ನಿಂತು ಹಲವು ಲಕ್ಷಣಗಳಿರುವವಳಲ್ಲಿ ಅದೇ ಅಂಕಿ 360ಕ್ಕೇರುವುದು. 200ನ್ನು ಮೀರಿದವರನ್ನು ಸ್ತ್ರೀರೋಗ ಕ್ಯಾನ್ಸರ್ ತಜ್ಞರಲ್ಲಿಗೇ ಕಳುಹಿಸುವುದು ರೂಢಿ.

ಇಷ್ಟು ಎಚ್ಚರವೇಕೆಂದರೆ, ಕ್ಯಾನ್ಸರಿನ ಗುಳ್ಳೆಯು ಶಸ್ತ್ರಚಿಕಿತ್ಸೆಯ ವೇಳೆ ಉದರದೊಳಗೇ ಒಡೆದು ಚೆಲ್ಲಿದರೆ, ಅಂಡಾಶಯಕ್ಕಷ್ಟೇ ಸೀಮಿತವಾಗಿದ್ದ ರೋಗವು 1ಎ ಹಂತದಿಂದ 1ಸಿ ಹಂತಕ್ಕೆ ಜಾರುವುದು. ಕೀಮೋಥೆರಪಿ ತಪ್ಪಬಹುದಾಗಿದ್ದವಳಿಗೆ ಅದು ಅನಿವಾರ್ಯವಾಗಲೂಬಹುದು. ಶಂಕಿತ ಗುಳ್ಳೆಯಿಂದ ಸೂಜಿಯಲ್ಲಿ ನೀರು ತೆಗೆಯುವುದನ್ನು ತಜ್ಞರು ಒಪ್ಪದಿರುವುದೂ ಈ ಕಾರಣದಿಂದಲೇ. ಗುಳ್ಳೆಯನ್ನು ಒಡೆಯದೆ ಇಡಿಯಾಗಿ ತೆಗೆದು, ರೋಗದ ವ್ಯಾಪ್ತಿಯನ್ನು ಅದೇ ಸಂದರ್ಭದಲ್ಲಿ ಕೂಲಂಕಷವಾಗಿ ಶೋಧಿಸುವುದು ವಿಶೇಷ ತರಬೇತಿಯನ್ನು ಅಪೇಕ್ಷಿಸುವ ಕಾರ್ಯ.

ಚಾಮರಾಜಪೇಟೆಯ ನೆರೆಯಲ್ಲೇ 1935ರಿಂದ ಸ್ತ್ರೀಯರ ಶುಶ್ರೂಷೆಯಲ್ಲಿ ನಿರತವಾದ ವಾಣಿ ವಿಲಾಸ ಆಸ್ಪತ್ರೆಯಿದೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆಯಿದೆ, ಕ್ಯಾನ್ಸರಿನ ಶಂಕೆ ಬಲವಾದರೆ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಹೋಗುವಾಗ ವರದಿಯೊಡನೆ ಸ್ಕ್ಯಾನಿನ ಚಿತ್ರಗಳನ್ನೂ ಹಳೆಯ ಚೀಟಿಗಳನ್ನೂ ಒಯ್ಯಬೇಕು. ತಾಯಿಗೋ ಅಕ್ಕತಂಗಿಯರಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಸಂಕೋಚವಿಲ್ಲದೆ ತಿಳಿಸಬೇಕು. ಹಠಾತ್ತನೆ ತೀವ್ರವಾದ ನೋವೂ ವಾಂತಿಯೂ ಬಂದರೆ ಅಂಡಾಶಯವು ತಿರುಚಿಕೊಂಡಿರುವ ಸಂಭವವಿರುವುದರಿಂದ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಮಿಕ್ಕವರು, ಶಸ್ತ್ರಚಿಕಿತ್ಸೆಗೆ ಸಮ್ಮತಿಸುವ ಮುನ್ನ, ‘ಇದು ಕ್ಯಾನ್ಸರಾಗಿರುವ ಸಂಭವವೆಷ್ಟು, ಆಗಿದ್ದಲ್ಲಿ ಶಸ್ತ್ರಚಿಕಿತ್ಸೆ ಮಾಡುವವರು ಯಾರು?’ ಎಂದು ಕೇಳುವುದು ವೈದ್ಯರಿಗೆ ತೋರುವ ಅವಿನಯವಲ್ಲ. ಅದು ರೋಗಿಯ ಹಕ್ಕು.