ಜೀರ್ಣಾಂಗ ತಜ್ಞರು: ವಿದ್ಯೆ ಮತ್ತು ವೃತ್ತಿ

ಹೊಟ್ಟೆಯ ಬೇನೆಯನ್ನು ಕಷಾಯ, ಪಥ್ಯ, ಮಜ್ಜಿಗೆಗಳಿಂದ ಶಮನಗೊಳಿಸಿಕೊಳ್ಳುವುದು ನಮ್ಮ ಮಲೆನಾಡಿನ ಮನೆಗಳ ವಾಡಿಕೆ. ಎಷ್ಟೋ ತೊಂದರೆಗಳು ಅಷ್ಟರಿಂದಲೇ ಅಡಗುವುದೂ ಉಂಟು. ಆದರೆ ನುಂಗಿದ ತುತ್ತು ಕೆಳಗಿಳಿಯದಿರುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ಕಾರಣವಿಲ್ಲದೆ ದೇಹವು ಕೃಶವಾಗುವುದು, ಕಣ್ಣು ಹಳದಿಗೂಡುವುದು, ಇವು ಮನೆಮದ್ದನ್ನು ನಂಬಿ ಕಾಲ ಕಳೆಯತಕ್ಕ ಲಕ್ಷಣಗಳಲ್ಲ. ಇಂಥಲ್ಲಿ ರೋಗಮೂಲವನ್ನು ಶೋಧಿಸುವವರೇ ಜೀರ್ಣಾಂಗ ತಜ್ಞರು. ಅನ್ನನಾಳ, ಜಠರ, ಕರುಳುಗಳಲ್ಲದೆ ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿಗಳೂ ಅವರ ಕಾರ್ಯಕ್ಷೇತ್ರಕ್ಕೆ ಸೇರಿವೆ.

ಈ ವೃತ್ತಿಯ ಹಿಂದಿರುವ ವ್ಯಾಸಂಗ ದೀರ್ಘವಾದುದು. ಕಡ್ಡಾಯ ತರಬೇತಿಯ ವರ್ಷವೂ ಸೇರಿ ಎಂ.ಬಿ.ಬಿ.ಎಸ್.ಗೆ 5½ ವರ್ಷ, ಎಂ.ಡಿ.ಗೆ 3 ವರ್ಷ, ಅನಂತರ ಡಿ.ಎಂ.ಗೆ ಮತ್ತೆ 3 ವರ್ಷ, ಹೀಗೆ ಒಟ್ಟು 11½ ವರ್ಷ. ಒಂದೊಂದು ಮೆಟ್ಟಿಲಿಗೂ ಪ್ರವೇಶ ಪರೀಕ್ಷೆಯುಂಟು. ಶಸ್ತ್ರಚಿಕಿತ್ಸೆಯ ಮಾರ್ಗ ಹಿಡಿಯುವವರು ಎಂ.ಎಸ್. ಮುಗಿಸಿ ಎಂ.ಸಿಎಚ್. ಪದವಿ ಪಡೆಯಬೇಕು.

ಪದವಿಯೊಡನೆ ಕಲಿಕೆ ಮುಗಿಯುವುದಿಲ್ಲ. ಬೇಸಿಲ್ ಹಿರ್ಷೊವಿಟ್ಸ್ ಅವರು 1957ರಲ್ಲಿ ಬಾಗುವ ಗಾಜಿನೆಳೆಗಳ ಎಂಡೋಸ್ಕೋಪನ್ನು ಬಳಕೆಗೆ ತಂದ ಮೇಲೆ ಜಠರದ ಒಳಗೋಡೆಯನ್ನು ಕಣ್ಣಾರೆ ನೋಡುವುದು ಸುಲಭವಾಯಿತು. ಚಿಂತೆ ಮತ್ತು ಖಾರಗಳಿಂದಲೇ ಹುಣ್ಣಾಗುವುದೆಂಬ ನಂಬಿಕೆಯನ್ನು ಮಾರ್ಷಲ್ ಮತ್ತು ವಾರನ್ ಎಂಬ ಆಸ್ಟ್ರೇಲಿಯದ ವೈದ್ಯರು ಅಲುಗಿಸಿದರು; ಬಹುಪಾಲು ಹುಣ್ಣುಗಳ ಹಿಂದೆ ಒಂದು ಬ್ಯಾಕ್ಟೀರಿಯವಿದೆಯೆಂದು ತೋರಿದ ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನೆರೆನಾಡಿನ ಕರ್ನೂಲು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಡಿ. ನಾಗೇಶ್ವರ ರೆಡ್ಡಿಯವರು ಇದೇ ಶಾಖೆಯ ಸೇವೆಗಾಗಿ 2025ರಲ್ಲಿ ಪದ್ಮವಿಭೂಷಣ ಗೌರವಕ್ಕೆ ಪಾತ್ರರಾದರು.

ಸಾಗರ, ಹೊಸನಗರ, ತೀರ್ಥಹಳ್ಳಿಗಳು ಅಡಿಕೆಯ ಸೀಮೆ. ಅಡಿಕೆ ನಮ್ಮ ಅನ್ನವೂ ಹೌದು. ಆದರೆ ತಂಬಾಕು ಬೆರೆತ ಕವಳವು ಬಾಯಿ, ಗಂಟಲು, ಅನ್ನನಾಳಗಳ ಅರ್ಬುದಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿ 2004ರಲ್ಲಿ ಸಾರಿದೆ. ಆ ಮಂಡಲಿ ಅಡಿಕೆಯನ್ನೂ ಅರ್ಬುದಕಾರಕಗಳ ಪಟ್ಟಿಗೆ ಸೇರಿಸಿದೆ. ಆದುದರಿಂದ ಈ ವಿದ್ಯೆ ನಮಗೆ ದೂರದ ವಿಷಯವಲ್ಲ. ಇಂದಿಗೂ ನಮ್ಮವರು ಆಗುಂಬೆ ಇಲ್ಲವೆ ಹುಲಿಕಲ್ ಘಾಟಿಯಿಳಿದು ಮಣಿಪಾಲಕ್ಕೆ ಹೋಗುವುದು ಅಪರೂಪವಲ್ಲ. ದಾರಿ ದೂರವಾದಷ್ಟೂ ಹಳ್ಳಿಗರು ‘ಇನ್ನೊಂದು ವಾರ ನೋಡೋಣ’ ಎಂದು ತಡೆಯುತ್ತಾರೆ. ಆ ವಿಳಂಬವೇ ಎಷ್ಟೋ ವೇಳೆ ಪ್ರಾಣಕ್ಕೆ ಎರವಾಗುತ್ತದೆ.

ಎಂ.ಡಿ., ಡಿ.ಎಂ. ಹಂತಗಳಲ್ಲಿ ಶಿಷ್ಯವೇತನ ದೊರೆಯುತ್ತದೆ. ಬಡಮನೆಯ ಮಕ್ಕಳು ಎಡವುವುದು ಅದಕ್ಕೂ ಹಿಂದಿನ ವರ್ಷಗಳಲ್ಲಿ. ಅಲ್ಲಿ ಕೈಹಿಡಿಯುವುದೇ ದಾನಿಗಳ ದಾಸೋಹ. ಜೀರ್ಣಕ್ರಿಯೆಯ ಪಾಠವನ್ನು ಆಸಕ್ತಿ ಹುಟ್ಟುವಂತೆ ಬೋಧಿಸುವುದು ಅಧ್ಯಾಪಕರ ಕಾಯಕ. ಇವೆರಡೂ ಕೂಡಿದರೆ ನಮ್ಮ ಶಾಲೆಯ ಮಗುವೊಂದು ತಜ್ಞವೈದ್ಯನಾಗಿ ಈ ಸೀಮೆಗೇ ಮರಳಿ ಬಂದೀತೆಂದು ಆಶಿಸೋಣ.