ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ದೂರ?

ಮಕ್ಕಳ ಪಾಠದ ಭೂಗೋಲವೊಂದನ್ನು ಎದುರಿಗಿಟ್ಟುಕೊಂಡು, ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋವರೆಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಬೇಕು. ದಾರವು ಪೂರ್ವಕ್ಕೆ ನೆಟ್ಟಗೆ ಓಡುವುದಿಲ್ಲ. ಈಶಾನ್ಯಕ್ಕೆ ಏರಿ, ಉತ್ತರ ಶೀತವಲಯದ ಅಂಚನ್ನು ಸವರಿ, ಸೈಬೀರಿಯದ ಮೇಲೆ ಬಾಗಿ ಇಳಿಯುತ್ತದೆ. ಎರಡು ವಿಮಾನ ನಿಲ್ದಾಣಗಳ ನಡುವಣ ಅತಿ ಹತ್ತಿರದ ದಾರಿ ಇದೇ. ಸುಮಾರು 7,800 ಕಿಲೋಮೀಟರು. ಜೆಟ್ ವಿಮಾನಕ್ಕೆ ಒಂಬತ್ತೂವರೆ ಗಂಟೆಯ ಹಾದಿ. ಆದರೆ ದಾರದ ಬಹುಭಾಗ ಬಿದ್ದಿರುವುದು ರಷ್ಯದ ನೆಲದ ಮೇಲೆ. ತೊಡಕೆಲ್ಲ ಇರುವುದು ಅಲ್ಲಿಯೇ.

ಆಕಾಶಕ್ಕೆ ಬೇಲಿಯಿಲ್ಲವೆಂಬುದು ಕವಿಗಳ ಮಾತು. ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣಾಧಿಕಾರವುಂಟೆಂದು 1944ರ ಷಿಕಾಗೋ ಒಪ್ಪಂದವು ಸಾರಿತು. ಸೋವಿಯತ್ ಸರಕಾರವು ಆ ಅಧಿಕಾರವನ್ನು ಬಿಗಿಯಾಗಿಯೇ ನಡೆಸಿತು. ಯೂರೋಪಿನಿಂದ ಜಪಾನಿಗೆ ಹೊರಟ ವಿಮಾನಗಳು ಮಾಸ್ಕೋದಲ್ಲಿ ಇಳಿದು ಹೋಗಬೇಕು, ಇಲ್ಲವೆ ಅಲಾಸ್ಕದ ಆಂಕರೇಜಿನಲ್ಲಿ ಇಂಧನ ತುಂಬಿಕೊಂಡು ಸುತ್ತಿ ಬರಬೇಕು. ಆ ಸುತ್ತಿಗೆ ಹದಿನಾರು ಗಂಟೆಯವರೆಗೆ ಹಿಡಿಯುತ್ತಿತ್ತು.

1983ರಲ್ಲಿ ಫಿನ್‌ಏರ್ ಸಂಸ್ಥೆಯು ಮೂರನೆಯ ದಾರಿಯೊಂದನ್ನು ಹುಡುಕಿತು. ಡಿಸಿ-10 ವಿಮಾನಕ್ಕೆ ಹೆಚ್ಚಿನ ಇಂಧನ ತೊಟ್ಟಿಗಳನ್ನು ಜೋಡಿಸಿ, ಹೆಲ್ಸಿಂಕಿಯಿಂದ ಉತ್ತರಕ್ಕೆ ಹಾರಿ, ಉತ್ತರ ಧ್ರುವವನ್ನು ದಾಟಿ, ಬೇರಿಂಗ್ ಜಲಸಂಧಿಯ ಮೇಲೆ ಇಳಿಮುಖವಾಗಿ ಟೋಕಿಯೋ ಸೇರುವುದು. ಎಲ್ಲಿಯೂ ನಿಲ್ಲದ ಹದಿಮೂರು ಗಂಟೆಯ ಪಯಣ. ಧ್ರುವದ ಬಳಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಆ ತುದಿಯಲ್ಲಿ ನಿಂತವನಿಗೆ ಯಾವ ಕಡೆ ತಿರುಗಿದರೂ ದಕ್ಷಿಣವೇ! ವಿಮಾನದ ಚಲನೆಯನ್ನು ಕ್ಷಣಕ್ಷಣವೂ ಅಳೆದು ನೆಲೆ ಹೇಳುವ ಯಂತ್ರಗಳೇ ಅಲ್ಲಿ ಗತಿ.

ದಾರಿ ತಪ್ಪಿದರೆ ಏನಾದೀತೆಂಬುದನ್ನು ಅದೇ ವರ್ಷದ ಸೆಪ್ಟೆಂಬರ್ 1 ತೋರಿಸಿಕೊಟ್ಟಿತು. ಆಂಕರೇಜಿನಿಂದ ಸೋಲಿಗೆ ಹೊರಟಿದ್ದ ಕೊರಿಯದ ವಿಮಾನವೊಂದು ದಾರಿ ಬಿಟ್ಟು ಸೋವಿಯತ್ ಆಕಾಶವನ್ನು ಹೊಕ್ಕಿತು. ಸಖಾಲಿನ್ ದ್ವೀಪದ ಬಳಿ ಅದನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮುಂದೆ ಕಾಲ ತಿರುಗಿತು. ಸೈಬೀರಿಯದ ಹಾದಿ ತೆರೆಯಿತು. ಯೂರೋಪಿನಿಂದ ದೂರಪ್ರಾಚ್ಯಕ್ಕೆ ಹತ್ತಿರದ ಹೆಬ್ಬಾಗಿಲೆಂದು ಹೆಲ್ಸಿಂಕಿ ಹೆಸರಾಯಿತು. ಫಿನ್‌ಏರ್ ತನ್ನ ವ್ಯಾಪಾರದ ದೊಡ್ಡ ಪಾಲನ್ನು ಆ ಹಾದಿಯ ಮೇಲೆಯೇ ಕಟ್ಟಿತು.

2022ರ ಫೆಬ್ರವರಿ 24ರಂದು ರಷ್ಯದ ಸೇನೆ ಉಕ್ರೇನಿನ ಮೇಲೆ ನುಗ್ಗಿತು. ಯೂರೋಪಿನ ರಾಷ್ಟ್ರಗಳು ರಷ್ಯದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ರಷ್ಯವೂ ಹಾಗೆಯೇ ಮಾಡಿತು. ಮಾರ್ಚ್ ತಿಂಗಳಲ್ಲಿ ಟೋಕಿಯೋದಿಂದ ಹೆಲ್ಸಿಂಕಿಗೆ ಮರಳಿದ ಫಿನ್‌ಏರ್ ವಿಮಾನವು ಮತ್ತೆ ಬೇರಿಂಗ್ ಜಲಸಂಧಿಯತ್ತ ಮುಖ ಮಾಡಿತು. ದಾರಿ 10,000 ಕಿಲೋಮೀಟರನ್ನೂ ಮೀರಿತು. ಪಯಣ ಪುನಃ ಹದಿಮೂರು ಗಂಟೆಗೆ ಬಂದು ನಿಂತಿತು, ನಲವತ್ತು ವರ್ಷಗಳ ಹಿಂದೆ ಇದ್ದಂತೆಯೇ. ಧ್ರುವವನ್ನು ದಾಟಿದ್ದಕ್ಕೆ ಪ್ರಯಾಣಿಕರ ಕೈಗೆ ಒಂದೊಂದು ಪ್ರಮಾಣಪತ್ರ ಬಂದಿತು. ಹೆಚ್ಚಿಗೆ ಉರಿದ ಇಂಧನದ ಲೆಕ್ಕ ಮಾತ್ರ ಸಂಸ್ಥೆಯ ಪಾಲಿಗೆ ಉಳಿಯಿತು.