ಒಣಗುವ ಎಣ್ಣೆಗಳೂ ಅಯೊಡೀನ್ ಸಂಖ್ಯೆಯೂ

ಒದ್ದೆ ಬಟ್ಟೆ ಒಣಗಿದರೆ ಹಗುರವಾಗುತ್ತದೆ. ಬಾಗಿಲಿಗೆ ಬಳಿದ ಅಗಸೆಯೆಣ್ಣೆ ಒಣಗತೊಡಗಿದಾಗಲಾದರೋ ತೂಕವೇರುತ್ತದೆ. ಎರಡಕ್ಕೂ 'ಒಣಗುವುದು' ಎಂಬ ಒಂದೇ ಮಾತು ರೂಢಿಯಲ್ಲಿದ್ದರೂ ಕ್ರಿಯೆಗಳು ಬೇರೆ. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪೊರೆಯಾಗುತ್ತದೆ.

ಈ ಶಕ್ತಿಗೆ ಕಾರಣ ಎಣ್ಣೆಯ ಮೇದಾಮ್ಲಗಳಲ್ಲಿರುವ ದ್ವಿಬಂಧಗಳು. ಇಂಗಾಲದ ಸರಪಳಿಯಲ್ಲಿ ದ್ವಿಬಂಧವಿರುವಲ್ಲಿ ಇನ್ನೂ ಕೆಲವು ಪರಮಾಣುಗಳಿಗೆ ಎಡೆಯುಂಟು. ಆದುದರಿಂದಲೇ ಅಂಥ ಆಮ್ಲಗಳಿಗೆ 'ಅಪರ್ಯಾಪ್ತ' ಎಂಬ ಹೆಸರು.

ಕಣ್ಣಿಗೆ ಕಾಣದ ಈ ಎಡೆಗಳನ್ನು ಎಣಿಸುವ ಬಗೆಯೆಂತು? 1884ರಲ್ಲಿ ಹ್ಯೂಬ್ಲ್ ಎಂಬಾತನು ಅಯೊಡೀನನ್ನು ಬಳಸಿ ಒಂದು ವಿಧಾನವನ್ನು ರೂಪಿಸಿದನು. 1898ರಲ್ಲಿ ವೈಸ್ ಅದಕ್ಕಿಂತ ಶೀಘ್ರವಾದ ದ್ರಾವಣವನ್ನು ಕೊಟ್ಟನು. ನಿಖರವಾಗಿ ತೂಗಿದ ಸ್ವಲ್ಪ ಎಣ್ಣೆಗೆ ಅಯೊಡೀನ್ ಮೊನೊಕ್ಲೋರೈಡಿನ ದ್ರಾವಣವನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಬೆರೆಸಿ ಕತ್ತಲಲ್ಲಿಡುವರು. ಬಳಿಕ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ, ಬಿಡುಗಡೆಯಾದ ಅಯೊಡೀನನ್ನು ಸೋಡಿಯಂ ಥಯೊಸಲ್ಫೇಟಿನಿಂದ ಅಳೆಯುವರು. ಪಿಷ್ಟದ ನೀಲಿ ಬಣ್ಣ ಮಾಯವಾದಾಗ ಅಳತೆ ಮುಗಿಯಿತು. ಎಣ್ಣೆಯಿಲ್ಲದ ಇನ್ನೊಂದು ಸೀಸೆಯಲ್ಲಿಯೂ ಹೀಗೆಯೇ ಮಾಡಿ ವ್ಯತ್ಯಾಸವನ್ನು ತೆಗೆಯಬೇಕು. ಉಳಿದುದನ್ನು ಅಳೆದು ಹೀರಿದುದನ್ನು ತಿಳಿಯುವ ಜಾಣ್ಮೆಯಿದು! 100 ಗ್ರಾಂ ಎಣ್ಣೆ ಹೀರುವ ಅಯೊಡೀನಿನ ಗ್ರಾಂ ತೂಕವೇ ಅಯೊಡೀನ್ ಸಂಖ್ಯೆ.

ತೆಂಗಿನೆಣ್ಣೆಗೆ ಇದು 10ರ ಆಸುಪಾಸು, ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು, ಇವು ಒಣಗುವುದಿಲ್ಲ. ಕುಸುಬೆ ಎಣ್ಣೆಗೆ 145ರ ಸುಮಾರು. ಅದರ ಪಾತ್ರೆಯ ಅಂಚು ಅಂಟಂಟಾಗುವುದನ್ನು ಉತ್ತರ ಕರ್ನಾಟಕದ ಗೃಹಿಣಿಯರು ಬಲ್ಲರು. ಅಗಸೆಯೆಣ್ಣೆಗೆ 170ರಿಂದ 200. ಅಗಸೆಯೆಣ್ಣೆಯೆಂದು ಮಾರಿದುದರಲ್ಲಿ ಸಂಖ್ಯೆ 140ಕ್ಕೆ ಇಳಿದಿದ್ದರೆ, ಅದಕ್ಕೆ ಅಗ್ಗದ ಎಣ್ಣೆ ಬೆರೆತಿದೆಯೆಂದೋ ಅದು ಗಾಳಿಗೆ ತೆರೆದು ಹಳತಾಗಿದೆಯೆಂದೋ ಸಂದೇಹಿಸಬೇಕು. ಅಂಥದನ್ನು ಬಳಿದ ಬಾಗಿಲು ಬಹುದಿನ ಕೈಗಂಟಿಕೊಳ್ಳುತ್ತಿದ್ದರೆ ಬಣ್ಣಗಾರನನ್ನು ದೂಷಿಸಿ ಫಲವಿಲ್ಲ.

ಆದರೆ ಸಂಖ್ಯೆಯೊಂದನ್ನೇ ನಂಬುವುದೂ ಸಲ್ಲದು. ಚೀನದ ಟುಂಗ್ ಎಣ್ಣೆಯ ಸಂಖ್ಯೆ ಅಗಸೆಯದಕ್ಕಿಂತ ಕಡಿಮೆಯೆಂದು ಬರುತ್ತದೆ. ಒಣಗುವುದರಲ್ಲಿ ಮಾತ್ರ ಅದೇ ಮುಂದು. ಅದರ ದ್ವಿಬಂಧಗಳು ಒಂದು ಬಿಟ್ಟೊಂದರಂತೆ ಒತ್ತಾಗಿ ಜೋಡಣೆಗೊಂಡಿರುವುದರಿಂದ ಆಮ್ಲಜನಕಕ್ಕೆ ಬೇಗ ಒಲಿಯುತ್ತವೆ, ಆದರೆ ವೈಸನ ದ್ರಾವಣವನ್ನು ಪೂರ್ಣವಾಗಿ ಹೀರುವುದಿಲ್ಲ. ಹರಳೆಣ್ಣೆಯ ಸಂಗತಿ ಇನ್ನೂ ಸ್ವಾರಸ್ಯವಾದುದು: ಸುಮಾರು 85ರ ಸಂಖ್ಯೆಯ ಆ ಎಣ್ಣೆ ತಾನಾಗಿ ಒಣಗದು. ಕಾರ್ಖಾನೆಯಲ್ಲಿ ಕಾಯಿಸಿ ಅದರ ಅಣುವಿನಿಂದ ನೀರಿನ ಅಂಶವನ್ನು ತೆಗೆದರೆ ಹೊಸ ದ್ವಿಬಂಧಗಳುಂಟಾಗಿ, ಸಂಖ್ಯೆಯೇರಿ, ಅದೂ ಬಣ್ಣಕ್ಕೆ ಯೋಗ್ಯವಾದ ಒಣಗುವ ಎಣ್ಣೆಯಾಗುತ್ತದೆ.